ಫ್ರೇಮಣ್ಣನ ಬೀದಿಗೊಂದು ಬೆಂಚು

ನಮ್ಮ ಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಒಂದೇ ಒಂದು. ಅದರ ಯಜಮಾನನ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು, ಬಿಸಿಲಿಗೆ ಮಾಸಿಹೋಯಿತು. ಈಗ ಎಲ್ಲರ ಬಾಯಲ್ಲೂ ಅವನು ಫ್ರೇಮಣ್ಣ. ನಾನು ಅವನ ಪಕ್ಕದ ಮನೆಯವನು. ಅವನ ಅಂಗಡಿಗೆ ಬರುವ ಪೇಪರನ್ನು ಅವನಿಗಿಂತ ಮೊದಲು ಓದಿ, ಬಂದ ಮಡಿಕೆಯಲ್ಲೇ ಮಡಿಸಿಡುವುದು ನನ್ನ ಬಹುಕಾಲದ ಸೇವೆ. ಆದ್ದರಿಂದ ಮುಂದೆ ಹೇಳುವ ಸಂಗತಿಗಳಿಗೆಲ್ಲ ನಾನು ಪ್ರತ್ಯಕ್ಷ ಸಾಕ್ಷಿ. ಒಂದೆರಡು ಕಡೆ ಅಪರಾಧಿಯೂ ಹೌದು, ಅದನ್ನು ಆಮೇಲೆ ನೋಡೋಣ.

ಫ್ರೇಮಣ್ಣನ ಕೆಲಸಕ್ಕೆ ಹೆಸರಿಡುವಂತಿಲ್ಲ. ಆದರೆ ಅವನದೊಂದು ವಿಚಿತ್ರ ಚಾಳಿ. ಫ್ರೇಮಿಗೆ ಬೇಕಾದ ಮರದ ಪಟ್ಟಿಗಳ ಹೊಸ ಹೊರೆ ಬಂದಾಗೆಲ್ಲ ಒಂದೊಂದು ಪಟ್ಟಿಯನ್ನೂ ಎತ್ತಿಕೊಂಡು, ಮೇಜಿನ ಕೆಳಗಿನ ಡ್ರಾಯರನ್ನು ಅರ್ಧ ಎಳೆದು, ಒಳಗಿರುವ ಏನಕ್ಕೋ ಹಿಡಿದು ನೋಡುತ್ತಾನೆ. ತಲೆ ಆಡಿಸುತ್ತಾನೆ. “ಊಹೂಂ, ಇದಲ್ಲ” ಎಂದು ಡ್ರಾಯರು ಮುಚ್ಚುತ್ತಾನೆ. ಒಳಗೇನಿದೆ ಎಂದು ನಾನು ಕೇಳಿಲ್ಲ. ಬಿಟ್ಟಿ ಪೇಪರು ಓದುವವನು ಹೆಚ್ಚು ಪ್ರಶ್ನೆ ಕೇಳಬಾರದು.

ಗಲಾಟೆ ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ, ಡ್ರಿಲ್ ಮೇಷ್ಟ್ರು ಅಂಗಡಿಗೆ ಬಂದಾಗ. ಇವರು ಫ್ರೇಮಣ್ಣನ ಷಡ್ಡಕ, ಅಂದರೆ ಅವನ ಹೆಂಡತಿಯ ಅಕ್ಕನ ಗಂಡ. ಮನೆ ಹಿಂದಿನ ಬೀದಿಯಲ್ಲೇ. ಶಾಲೆಯಿಂದ ನಿವೃತ್ತರಾಗಿ ಆರು ವರ್ಷವಾದರೂ ಸೀಟಿ ಇನ್ನೂ ಕೊರಳಲ್ಲೇ ಇದೆ. ಮೇಷ್ಟ್ರು ಪೇಪರಿನ ಒಂದು ತುಂಡನ್ನು ಹಸುಗೂಸಿನ ಹಾಗೆ ಮೇಜಿನ ಮೇಲೆ ಮಲಗಿಸಿದರು.

“ಇದಕ್ಕೊಂದು ಕಟ್ಟು ಹಾಕಯ್ಯ. ಪಟ್ಟಿ ಅಗಲವಾಗಿರಲಿ. ಬಂಗಾರದ ಬಣ್ಣ.”

ನಾನೂ ಬಗ್ಗಿ ನೋಡಿದೆ. ‘ಕಸದ ಮೂಲೆ ಈಗ ಬೀದಿಯ ಪಡಸಾಲೆ’ ಎಂದು ದಪ್ಪಕ್ಷರ, ಕೆಳಗೆ ಫೋಟೋ. ವಿಷಯ ನಮಗೆಲ್ಲ ಗೊತ್ತಿದ್ದದ್ದೇ. ಹಿಂದಿನ ಬೀದಿಯ ಮೂಲೆಯಲ್ಲಿ ಹರಿದ ಹಾಸಿಗೆ, ಒಡೆದ ಬಕೆಟ್ಟು, ಯಾರದೋ ಮುರುಕು ಮಂಚ ಎಲ್ಲ ಬಿದ್ದಿರುತ್ತಿದ್ದವು. ಮೇಷ್ಟ್ರು ಒಂದು ಭಾನುವಾರ ಸೀಟಿ ಊದಿ ಬೀದಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಗುಡಿಸಿಸಿದರು, ಗೋಡೆಗೆ ಬಣ್ಣ ಬಳಿಸಿದರು. ನಗರಸಭೆಯವರು ಮೆಚ್ಚಿ ಮರದ ಕೆಳಗೆ ಒಂದು ಬೆಂಚು ಹಾಕಿಕೊಟ್ಟರು. ಅಲ್ಲಿಂದೀಚೆಗೆ ಸಂಜೆ ಐದಾಯಿತೆಂದರೆ ಆ ಬೀದಿಯೆಲ್ಲ ಅಲ್ಲೇ.

ಫೋಟೋದ ನಡುವೆ ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಹಿಂದೆ ಬೆಂಚು, ಬೆಂಚಿನ ತುಂಬ ಜನ. ಬೆಂಚಿನ ತುದಿಯಲ್ಲಿ, ಅಕ್ಕನ ಪಕ್ಕದಲ್ಲಿ, ತಲೆ ಹಿಂದಕ್ಕೆಸೆದು ಬಾಯ್ತುಂಬ ನಗುತ್ತಿದ್ದವರು ಫ್ರೇಮಣ್ಣನ ಹೆಂಡತಿ. ನಾನು ಅವರನ್ನು ಅತ್ತಿಗೆ ಅಂತಲೇ ಕರೆಯುವುದು. ಅತ್ತಿಗೆ ದಿನಾ ಸಂಜೆ ಅಕ್ಕನ ಬೀದಿಗೆ ಹೋಗುವುದು ಫ್ರೇಮಣ್ಣನಿಗೆ ಗೊತ್ತಿತ್ತು. ಹೋಗಿ ಹೀಗೆ ನಗುತ್ತಾರೆ ಅನ್ನುವುದು ಗೊತ್ತಿರಲಿಲ್ಲ.

ಮೇಷ್ಟ್ರು ಆಚೆ ಹೋದದ್ದೇ ತಡ, ಫ್ರೇಮಣ್ಣ ಭೂತಗನ್ನಡಿ ತೆಗೆದ. ಫೋಟೋದ ತುದಿಯನ್ನು ಬಹಳ ಹೊತ್ತು ನೋಡಿದ.

“ಹಲ್ಲು ಎಷ್ಟು ಕಾಣ್ತಿದೆ ನೋಡು” ಎಂದ. “ದವಡೆ ಹಲ್ಲು ತನಕ. ಮದುವೆಯಾಗಿ ಇಪ್ಪತ್ತೆರಡು ವರ್ಷ. ನನ್ನ ಬೀದೀಲಿ ಕೂತು ಒಂದು ದಿನವಾದ್ರೂ ಹೀಗೆ ನಕ್ಕಿದ್ದಾಳಾ?”

“ನಿನ್ನ ಬೀದೀಲಿ ಕೂರೋಕೆ ಜಾಗ ಎಲ್ಲಿದೆ?” ಎಂದೆ ನಾನು, ಪೇಪರಿನ ಕ್ರೀಡಾ ಪುಟ ತಿರುವುತ್ತಾ.

ಅಪರಾಧಿ ಎಂದೆನಲ್ಲ, ಅದು ಇದೇ ಮಾತಿಗೆ. ಫ್ರೇಮಣ್ಣ ಭೂತಗನ್ನಡಿ ಕೆಳಗಿಟ್ಟ. ಅವನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ನನಗೆ ಎದುರು ಕುರ್ಚಿಯಿಂದಲೇ ಕಂಡಿತು.

ಕಟ್ಟಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಫೋಟೋದ ಸುತ್ತ, ಗಾಜಿನ ಕೆಳಗೆ, ದಪ್ಪ ರಟ್ಟಿನ ಅಂಚು ಇರುತ್ತದಲ್ಲ, ಅದಕ್ಕೆ ಮೌಂಟ್ ಅನ್ನುತ್ತಾರೆ. ರಟ್ಟಿನ ನಡುವೆ ಕಿಟಕಿ ಕತ್ತರಿಸಿ ಫೋಟೋದ ಮೇಲೆ ಕೂರಿಸುವುದು. ಕಿಟಕಿ ಎಷ್ಟು ದೊಡ್ಡದೋ ಫೋಟೋ ಅಷ್ಟೇ ಕಾಣುತ್ತದೆ. ಮಿಕ್ಕದ್ದು ರಟ್ಟಿನ ಕೆಳಗೆ ಶಾಶ್ವತವಾಗಿ ಮಾಯ. ಬುಧವಾರ ಮೇಷ್ಟ್ರು ಬಂದು ನೋಡಿದಾಗ ಬಂಗಾರದ ಪಟ್ಟಿ ಫಳಫಳ ಹೊಳೆಯುತ್ತಿತ್ತು.

“ಚೆನ್ನಾಗಿದೆ. ಆದ್ರೆ ನಾದಿನಿ ಎಲ್ಲಯ್ಯ? ಬೆಂಚಿನ ತುದೀಲಿ ಕೂತಿದ್ಲಲ್ಲ?”

“ಮೌಂಟಿಗೆ ಅಷ್ಟು ಅಂಚು ಬೇಕೇ ಬೇಕು ಭಾವ” ಎಂದ ಫ್ರೇಮಣ್ಣ, ಕತ್ತೆತ್ತದೆ. “ಕೆಲಸದ ನಿಯಮ.”

ಅದೇ ಮಧ್ಯಾಹ್ನ ಅವನು ನನ್ನನ್ನೂ ಎಳೆದುಕೊಂಡು ನಗರಸಭೆಗೆ ಹೊರಟ. ಅಲ್ಲಿನ ಗುಮಾಸ್ತರು ಕನ್ನಡಕ ಒರೆಸುತ್ತಿದ್ದರು. ನಾವು ಎಲ್ಲ ಹೇಳಿ ಮುಗಿಸುವ ತನಕ ಒರೆಸಿದರು. ಆಮೇಲೆ ಹಾಕಿಕೊಂಡು, ಈಗ ಹೇಳಿ ಎಂದರು.

“ನಮ್ಮ ಬೀದಿಗೊಂದು ಬೆಂಚು ಬೇಕು.”

“ಒಂದೇ ಉಳಿದಿದೆ, ಎರಡು ಬೀದೀಲಿ ಒಂದಕ್ಕೆ. ಅರ್ಜಿ ಬರೆದುಕೊಡಿ. ಮುಂದಿನ ವಾರ ಬೆಂಚಿನ ಯೋಜನೆ ನೋಡ್ಕೊಳ್ಳೋ ಮೇಡಂ ಬರ್ತಾರೆ. ಮಂಗಳವಾರ, ಬುಧವಾರ, ಗುರುವಾರ, ಮೂರು ಸಂಜೆ. ಐದರಿಂದ ಆರು ಹಿಂದಿನ ಬೀದಿ, ಆರರಿಂದ ಏಳು ನಿಮ್ಮ ಬೀದಿ. ಎಷ್ಟು ಜನ ನಿಲ್ತಾರೆ, ಎಷ್ಟು ಜನ ಕೂರ್ತಾರೆ, ಯಾರು ಯಾರ ಹತ್ರ ಮಾತಾಡ್ತಾರೆ, ಎಲ್ಲ ಎಣಿಸ್ತಾರೆ. ಆ ಲೆಕ್ಕ ನೋಡಿ ಬೆಂಚು.”

ಲೆಕ್ಕ ಹೆಚ್ಚಾದವರಿಗೆ ಬೆಂಚೋ, ಕಡಿಮೆಯಾದವರಿಗೆ ಬೆಂಚೋ ಎಂದು ಒಂದು ಮಾತು ಕೇಳಬಹುದಿತ್ತು. ಫ್ರೇಮಣ್ಣ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನ್ನ ಗಮನ ಅಲ್ಲಿನ ಪೇಪರಿನ ಮೇಲಿತ್ತು. ಮೆಟ್ಟಿಲಿಳಿಯುವಾಗ ಫ್ರೇಮಣ್ಣ ಆಗಲೇ ಗೆದ್ದವನ ಹಾಗೆ ಹೆಜ್ಜೆ ಹಾಕುತ್ತಿದ್ದ.

“ಓಟಿನ ಹಾಗೇ ಕಣೋ. ತಲೆ ಜಾಸ್ತಿ ಇದ್ದೋರು ಗೆಲ್ತಾರೆ.”

ಅವತ್ತೇ ಸಾಯಂಕಾಲ ಮನೆ ಮನೆಗೂ ಹೋಗಿ ಘೋಷಣೆ ಮಾಡಿದ. ಮೂರು ದಿನ ಬೀದಿಯಲ್ಲಿ ನಿಂತವರಿಗೆ ಒಬ್ಬೊಬ್ಬರಿಗೂ ಒಂದು ಫ್ರೇಮು ಪುಕ್ಕಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ಬರೀ ಆಸೆಬುರುಕ ಎನ್ನಬಹುದಿತ್ತು. ಹೊಟ್ಟೆಕಿಚ್ಚು ಅವನನ್ನು ಹಿಂದಿನ ಬೀದಿಗೂ ನಡೆಸಿಕೊಂಡು ಹೋಯಿತು. ಮೇಷ್ಟ್ರ ಮನೆಯೊಂದನ್ನು ಬಿಟ್ಟು ಎಲ್ಲ ಬಾಗಿಲೂ ತಟ್ಟಿದ.

“ನಿಮಗೂ ಒಂದೊಂದು ಫ್ರೇಮು. ಒಂದೇ ಷರತ್ತು. ಐದು ಗಂಟೆಗೆಲ್ಲ ನೀವು ನಮ್ಮ ಬೀದೀಲಿರಬೇಕು.”

ಅಲ್ಲಿನ ಲೆಕ್ಕ ಇಳಿಸಿ ಇಲ್ಲಿನ ಲೆಕ್ಕ ಏರಿಸುವ ಈ ಉಪಾಯವನ್ನು ನನಗೆ ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ.

ಮಂಗಳವಾರ ಆರು ಗಂಟೆಗೆ ಮೇಡಂ ನಮ್ಮ ಬೀದಿಗೆ ಕಾಲಿಟ್ಟರು. ಸಣ್ಣ ವಯಸ್ಸು, ಧೂಳು ಹತ್ತಿದ ಬೂಟು, ಕೈಯಲ್ಲಿ ಬೀದಿಯ ನಕ್ಷೆ ಅಂಟಿಸಿದ ರಟ್ಟು. ನಿಂತವರಿಗೆ ಒಂದು ಚುಕ್ಕೆ, ಕೂತವರಿಗೆ ಒಂದು ಸೊನ್ನೆ ಹಾಕುತ್ತಾ ಬಂದವರು, ತಿರುವಿನಲ್ಲಿ ಗಕ್ಕನೆ ನಿಂತರು.

ಮೂವತ್ತೆಂಟು ಜನ ಮೂರು ಸಾಲಿನಲ್ಲಿ ನಿಂತಿದ್ದೆವು. ಉದ್ದದವರು ಹಿಂದೆ, ಗಿಡ್ಡದವರು ಮುಂದೆ, ಎಲ್ಲರ ಮುಖವೂ ಮೇಡಂ ಕಡೆಗೆ. ಜೀವಮಾನವೆಲ್ಲ ಗ್ರೂಪ್ ಫೋಟೋ ನೋಡಿದವನಿಗೆ ಜನ ನಿಲ್ಲುವುದೆಂದರೆ ಹೀಗೇ. ಇಸ್ತ್ರಿ ಅಂಗಡಿಯವರು ಉಸಿರು ಬಿಗಿಹಿಡಿದಿದ್ದರು.

“ಫೋಟೋ ತೆಗೀಬೇಕಿತ್ತಾ?” ಎಂದರು ಮೇಡಂ.

“ಇಲ್ಲ ಮೇಡಂ. ನಾವು ದಿನಾ ಸಂಜೆ ಹೀಗೇ” ಎಂದ ಫ್ರೇಮಣ್ಣ.

“ಈ ಬೀದಿಗೆ ಏನು ಬೇಕು ಅನ್ಸುತ್ತೆ ನಿಮಗೆಲ್ಲ?”

“ಬೆಂಚು!” ಎಂದೆವು ಒಂದೇ ಗಂಟಲಲ್ಲಿ. ಎರಡು ಸಲ ಅಭ್ಯಾಸ ಮಾಡಿದ್ದೆವು. ಮಹಡಿ ಮನೆ ಅಜ್ಜಿ ಮಾತ್ರ ಕೈಯೆತ್ತಿ, “ನನಗೆ ಬೆಂಚು ಬೇಡಮ್ಮ. ಮಂಡಿ ಬಗ್ಗಲ್ಲ. ಕೈ ಇರೋ ಕುರ್ಚಿ ಆದ್ರೆ ಕೊಡು” ಎಂದರು. ಮೇಡಂ ಅದನ್ನು ಬರೆದುಕೊಂಡರು. ಫ್ರೇಮಣ್ಣ ಅಜ್ಜಿಯನ್ನು ನೋಡಿದ ನೋಟ ಹಿರಿಯರನ್ನು ನೋಡುವಂಥದ್ದಾಗಿರಲಿಲ್ಲ.

ಬುಧವಾರಕ್ಕೆ ಪಾಠ ಬದಲಾಯಿತು. ಬರೀ ನಿಂತರೆ ಸಾಲದು, ಮಾತಾಡಬೇಕು. ಫ್ರೇಮಣ್ಣ ಎರಡೆರಡು ಜನರ ಜೋಡಿ ಮಾಡಿದ. ಯಾರಿಗೆ ಯಾರ ಜತೆ ಮಾತಿದೆ, ಯಾರಿಗೆ ಇಲ್ಲ ಎನ್ನುವ ಗೊಡವೆಗೆ ಹೋಗಲಿಲ್ಲ. ಎತ್ತರ ನೋಡಿ ಜೋಡಿಸಿದ. ಹಾಗಾಗಿ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಹೊಲಿಗೆ ಟೀಚರು ಜೋಡಿಯಾದರು. ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಪೋಸ್ಟ್‌ಮಾಸ್ಟರ ಮಾಳಿಗೆ ನೀರಿನ ಪೈಪು ಟೀಚರ ಅಂಗಳಕ್ಕೆ ಬಾಯಿ ಮಾಡಿಕೊಂಡಿತ್ತು ಅನ್ನುವುದೇ ಕಾರಣ.

“ಏನು ಮಾತಾಡೋದು?” ಎಂದರು ಪೋಸ್ಟ್‌ಮಾಸ್ಟರು, ಆಕಾಶ ನೋಡುತ್ತಾ.

“ಏನಾದ್ರೂ ಆಡಿ ಸಾರ್! ಮೇಡಂ ಬಂದ್ರು!”

“ಪೈಪು” ಎಂದರು ಟೀಚರು.

ಅಷ್ಟೇ ಸಾಕಾಯಿತು. ಐದು ನಿಮಿಷದಲ್ಲಿ ಇಡೀ ಬೀದಿ ಪೈಪಿನ ಪರ, ಪೈಪಿನ ವಿರುದ್ಧ ಎಂದು ಹೋಳಾಯಿತು. ಹಿಂದಿನ ಬೀದಿಯವರು ಎರಡೂ ಕಡೆ ಸೇರಿಕೊಂಡರು. ನೋಡೇ ಬಿಡೋಣ ಎಂದು ಎಲ್ಲರೂ ಟೀಚರ ಅಂಗಳಕ್ಕೆ ನುಗ್ಗಿದೆವು, ಮೇಡಂ ಚುಕ್ಕೆ ಹಾಕುತ್ತಾ ಹಿಂದೆಯೇ ಬಂದರು. ಅಲ್ಲಿ ಪೈಪೇ ಇರಲಿಲ್ಲ. ಪೋಸ್ಟ್‌ಮಾಸ್ಟರ ತಮ್ಮ ಏಳು ವರ್ಷದ ಹಿಂದೆಯೇ ಅದನ್ನು ಆಚೆ ಗೋಡೆಗೆ ತಿರುಗಿಸಿದ್ದನಂತೆ. ಮಾತಿಲ್ಲದ ಕಾರಣ ಯಾರೂ ಯಾರಿಗೂ ಹೇಳಿರಲಿಲ್ಲ. ಪೋಸ್ಟ್‌ಮಾಸ್ಟರು ಗೋಡೆ ನೋಡಿದರು, ಟೀಚರು ಪೋಸ್ಟ್‌ಮಾಸ್ಟರನ್ನು ನೋಡಿದರು, ಆಮೇಲೆ ಇಬ್ಬರೂ ಹನ್ನೊಂದು ವರ್ಷದ ಬಾಕಿ ಮಾತನ್ನು ಒಂದೇ ಸಂಜೆಗೆ ಮುಗಿಸುವವರ ಹಾಗೆ ಮಾತಿಗೆ ಕೂತರು. ಏಳು ಗಂಟೆಯಾದರೂ ಯಾರೂ ಮನೆಗೆ ಹೋಗಲಿಲ್ಲ.

ಗುರುವಾರ ಪರಿಸ್ಥಿತಿ ಕೈ ಮೀರಿತು. ಜನ ಕುರ್ಚಿ ತಂದರು.

ಮೊದಲು ಬಂದದ್ದು ಅಜ್ಜಿಯ ಕೈ ಇರುವ ಕುರ್ಚಿ, ಮಹಡಿಯಿಂದ ಹಗ್ಗದಲ್ಲಿ ಇಳಿದು. ಅದನ್ನು ನೋಡಿ ಪೋಸ್ಟ್‌ಮಾಸ್ಟರು ಎರಡು ತಂದರು, ತಮಗೊಂದು, ಟೀಚರಿಗೊಂದು. ಇಸ್ತ್ರಿಯವರು ಇಸ್ತ್ರಿ ಮೇಜನ್ನೇ ಬೀದಿಗೆ ಎಳೆದು ಇಸ್ಪೀಟು ಹರಡಿದರು. ನಾನು ನನ್ನ ಸ್ಟೂಲಿನ ಮೇಲೆ ಕೂತು ಎಲೆ ಕಲೆಸುತ್ತಿದ್ದಾಗ ಫ್ರೇಮಣ್ಣ ಓಡಿಬಂದ. ಮುಖ ಬಿಳಿಚಿಕೊಂಡಿತ್ತು.

“ಎದ್ದೇಳ್ರೋ! ಎಲ್ಲರೂ ಕೂತ್ರೆ ಬೆಂಚು ಯಾಕೆ ಅಂತಾರೆ! ಕಾಲು ನೋವು ಅನ್ನೋ ಹಾಗೆ ನಿಂತ್ಕೊಳ್ಳಿ!”

ಆ ಮೂರು ದಿನಗಳಲ್ಲಿ ಅವನ ತಲೆಗೆ ಹೊಳೆದ ಸರಿಯಾದ ವಿಚಾರ ಅದೊಂದೇ. ಯಾರೂ ಏಳಲಿಲ್ಲ. ನನ್ನ ಕೈಯಲ್ಲಂತೂ ಒಳ್ಳೇ ಎಲೆ ಬಂದಿತ್ತು.

ಅಷ್ಟರಲ್ಲಿ ಅಂಗಡಿಯ ಮೆಟ್ಟಿಲ ಕಡೆಯಿಂದ ಒಂದು ನಗು ಕೇಳಿತು. ಅತ್ತಿಗೆಯೂ ಅವರ ಅಕ್ಕನೂ ಗಾಜು ಬರುವ ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಅತ್ತಿಗೆ ತಲೆ ಹಿಂದಕ್ಕೆಸೆದು, ದವಡೆ ಹಲ್ಲು ಕಾಣುವ ಹಾಗೆ ನಗುತ್ತಿದ್ದರು. ಯಾವುದಕ್ಕಾಗಿ ಇಷ್ಟೆಲ್ಲ ನಡೆಯಿತೋ ಅದೇ ನಗು, ಅವನದೇ ಬೀದಿಯಲ್ಲಿ, ಅವನದೇ ಮೆಟ್ಟಿಲ ಹತ್ತಿರ. ಫ್ರೇಮಣ್ಣ ಎರಡೂ ಕೈ ಮೇಲೆತ್ತಿಕೊಂಡು ಅಲ್ಲಿಗೇ ಓಡಿದ.

“ಏಳೇ ಮೇಲೆ! ನಗೋದಿದ್ರೆ ನಿಂತ್ಕೊಂಡು ನಗು!”

ಅತ್ತಿಗೆ ಅವನನ್ನು ನೋಡಿ ಇನ್ನೂ ಜೋರಾಗಿ ನಕ್ಕರು. ಮೇಡಂ ಎರಡು ಸೊನ್ನೆ ಹಾಕಿಕೊಂಡರು.

ಶನಿವಾರ ಮೇಡಂ ಅಂಗಡಿಗೇ ಬಂದು ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ನಮ್ಮ ಬೀದಿ ಚುಕ್ಕೆ ಸೊನ್ನೆಗಳಿಂದ ಇರುವೆ ಮುತ್ತಿದ ಹಾಗಿತ್ತು. ಹಿಂದಿನ ಬೀದಿಯಲ್ಲಿ ಒಂದೇ ಒಂದು ಸೊನ್ನೆ. ಫ್ರೇಮಣ್ಣ ನನ್ನ ಕಾಲು ತುಳಿದು ಸಂತೋಷ ತಿಳಿಸಿದ.

“ನಿಮ್ಮ ಬೀದಿ ನೋಡಿ ನನಗೆ ತುಂಬ ಖುಷಿಯಾಯ್ತು” ಎಂದರು ಮೇಡಂ. “ಯಾರ ಸಹಾಯವೂ ಇಲ್ಲದೆ ಜನ ತಾವೇ ಆಚೆ ಬರ್ತಾರೆ, ಜಗಳ ಆಡ್ತಾರೆ, ರಾಜಿ ಆಗ್ತಾರೆ, ಕುರ್ಚಿ ತರ್ತಾರೆ. ಇಂಥ ಬೀದಿಗೆ ಬೆಂಚು ಹಾಕೋದು ಅಂದ್ರೆ ಹೊಟ್ಟೆ ತುಂಬಿದವರ ಮುಂದೆ ಮತ್ತೆ ತಟ್ಟೆ ಇಟ್ಟ ಹಾಗೆ. ನಿಮಗೆ ನಮ್ಮಿಂದ ಏನೂ ಬೇಕಾಗಿಲ್ಲ.”

ಫ್ರೇಮಣ್ಣನ ಕಾಲು ನನ್ನ ಕಾಲ ಮೇಲೇ ನಿಂತುಹೋಯಿತು.

“ಮತ್ತೆ… ಬೆಂಚು?”

“ಹಿಂದಿನ ಬೀದಿಗೆ. ಅಲ್ಲಿನ ಸ್ಥಿತಿ ನೋಡಿ ಅಯ್ಯೋ ಅನ್ನಿಸ್ತು. ಬೆಂಚು ಇದ್ದೂ ಮೂರು ಸಂಜೆಯೂ ಒಬ್ಬರೇ ಒಬ್ಬರು ವಯಸ್ಸಾದವರು ಕೂತಿದ್ರು. ಕೊರಳಲ್ಲಿ ಸೀಟಿ ಬೇರೆ. ಪಾಪ, ಮಾತಾಡ್ಸೋರಿಲ್ಲ. ಎದುರಿಗೆ ಇನ್ನೊಂದು ಬೆಂಚು ಇದ್ರೆ ಯಾರಾದ್ರೂ ಬಂದು ಕೂರ್ತಾರೇನೋ ನೋಡೋಣ.”

ಮೇಡಂ ಹೋದ ಮೇಲೆ ಫ್ರೇಮಣ್ಣ ನನ್ನ ಕಾಲ ಮೇಲಿಂದ ತನ್ನ ಕಾಲು ತೆಗೆದ. ಆಮೇಲೆ ಎರಡು ಬೆರಳು ಎತ್ತಿ ನನಗೆ ತೋರಿಸಿದ. “ಎರಡು” ಎಂದ. “ಒಬ್ಬ ಮನುಷ್ಯನಿಗೆ ಎರಡು ಬೆಂಚು. ಅದೂ ನನ್ನ ಕೈಯಾರೆ.”

ಸೋಮವಾರ ಬೆಂಚು ಬಂತು, ಹಿಂದಿನ ಬೀದಿಗೆ. ಮಂಗಳವಾರ ಬೆಳಿಗ್ಗೆ ಮೇಷ್ಟ್ರೂ ಬಂದರು, ಅಂಗಡಿಗೆ. ಮೆರೆಯಲು ಬಂದಿದ್ದಾರೆ ಎಂದುಕೊಂಡು ಫ್ರೇಮಣ್ಣ ಬೆನ್ನು ತಿರುಗಿಸಿ ಗಾಜು ಒರೆಸತೊಡಗಿದ. ಮೇಷ್ಟ್ರ ದನಿಯಲ್ಲಿ ಮಾತ್ರ ಯಾವ ಮೆರೆತವೂ ಇರಲಿಲ್ಲ.

“ಒಂದರ ಮೇಲೆ ಕೂತು ಇನ್ನೊಂದನ್ನ ನೋಡ್ತೀನಿ ಕಣಯ್ಯ. ಸೀಟಿ ಊದಿದ್ರೂ ಒಬ್ಬರೂ ಬರಲ್ಲ. ನನ್ನ ಹೆಂಡತೀನೂ ಇಲ್ಲೇ ಬಂದು ಕೂರ್ತಾಳೆ, ಆ ಪೆಟ್ಟಿಗೆ ಮೇಲೆ. ನಿನಗೇನಪ್ಪ, ಊರೆಲ್ಲ ನಿನ್ನ ಬಾಗಿಲಲ್ಲಿದೆ.” ಕೊರಳ ಸೀಟಿಯನ್ನು ತಿರುವುತ್ತಾ, “ನೋಡಿದ್ರೆ ಹೊಟ್ಟೆ ಉರಿಯುತ್ತೆ” ಎಂದೂ ಸೇರಿಸಿದರು.

ಫ್ರೇಮಣ್ಣ ನಿಧಾನವಾಗಿ ತಿರುಗಿದ. “ಏನಂದ್ರಿ ಭಾವ?”

“ಹೊಟ್ಟೆ ಉರಿಯುತ್ತೆ ಅಂದೆ.”

“ಇನ್ನೊಂದ್ಸಲ ಹೇಳಿ.”

ಮೇಷ್ಟ್ರು ಹೇಳಿದರು. ಫ್ರೇಮಣ್ಣ ಅವರಿಗೆ ಕುರ್ಚಿ ಹಾಕಿದ, ಟೀ ತರಿಸಿದ, ಸಂಜೆ ಇಸ್ಪೀಟಿಗೆ ಬರಲೇಬೇಕು ಎಂದು ಒತ್ತಾಯ ಮಾಡಿದ. ಆ ಸುಖ ಸರಿಯಾಗಿ ಅರ್ಧ ಗಂಟೆ ಇತ್ತು. ಹತ್ತು ಗಂಟೆಗೆ ಅಂಗಡಿಯ ಮುಂದೆ ಸಾಲು ನಿಂತಿತು. ಮೂರು ದಿನ ನಿಂತವರಿಗೆ ಒಂದೊಂದು ಫ್ರೇಮು ಪುಕ್ಕಟೆ ಎಂದಿದ್ದನ್ನು ಊರಲ್ಲಿ ಅವನೊಬ್ಬನೇ ಮರೆತಿದ್ದ.

ಸಾಲಿನ ಮೊದಲಿಗೆ ನಾನೇ. ನಿಧಾನ ಸೈಕಲ್ ಸ್ಪರ್ಧೆಯಲ್ಲಿ ನನಗೆ ಎರಡನೇ ಬಹುಮಾನ ಬಂದಾಗಿನ ಫೋಟೋ ಕೊಟ್ಟೆ. ಅಜ್ಜಿ ತಮ್ಮ ಮಂಡಿಯ ಎಕ್ಸ್‌ರೇ ತಂದಿದ್ದರು. ಸೊಸೆಗೆ ದಿನಾ ಕಾಣುವ ಗೋಡೆಗೆ ಹಾಕಬೇಕಂತೆ. ಪೋಸ್ಟ್‌ಮಾಸ್ಟರೂ ಟೀಚರೂ ಸೇರಿ ಒಂದೇ ಫೋಟೋ ತಂದರು, ಪೈಪು ಇಲ್ಲದ ಗೋಡೆಯದ್ದು. ಫ್ರೇಮಣ್ಣ ಬೆವರು ಒರೆಸಿಕೊಳ್ಳುತ್ತಾ ಒಂದೊಂದನ್ನೇ ಅಳತೆ ಮಾಡಿ ಬರೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿ, ಕೊನೆಗೆ ಒಬ್ಬರು ಉಳಿದರು.

ಅತ್ತಿಗೆ.

“ನೀನ್ಯಾಕೆ ಸಾಲಲ್ಲಿ?”

“ಮೂರು ದಿನ ನಾನೂ ಇದ್ದೆ. ನನಗೂ ಒಂದು ಫ್ರೇಮು ಬರಬೇಕು” ಎಂದು ಅತ್ತಿಗೆ ಸೆರಗಿನ ಮರೆಯಿಂದ ಹಳೆಯ ಲಕೋಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಅವರ ಮದುವೆಯ ಫೋಟೋ.

“ಇದು ನನ್ನ ಡ್ರಾಯರಲ್ಲಿತ್ತಲ್ಲ!”

“ಇಪ್ಪತ್ತೆರಡು ವರ್ಷ ಇತ್ತು. ಬೆಳಿಗ್ಗೆ ತಗೊಂಡೆ.”

“ಅದಕ್ಕೆ ತಕ್ಕ ಪಟ್ಟಿ ಇನ್ನೂ—”

“‘ಬಂದಿಲ್ಲ ಕಣೇ, ತಾಳು, ಇದಲ್ಲ’” ಎಂದು ಅತ್ತಿಗೆ ಥೇಟ್ ಅವನದೇ ದನಿಯಲ್ಲಿ ಹೇಳಿದರು. ತಲೆಯನ್ನೂ ಅವನ ಹಾಗೆಯೇ ಆಡಿಸಿದರು. “ಆವತ್ತು ಭಾವನ ಬೆಂಚಿನ ಮೇಲೆ ಇದನ್ನೇ ಮಾಡಿ ತೋರಿಸ್ತಿದ್ದೆ. ಊರಿಗೆಲ್ಲ ಕಟ್ಟು ಹಾಕೋರ ಮನೇಲಿ ಮದುವೆ ಫೋಟೋಗೇ ಕಟ್ಟಿಲ್ಲ ಅಂತ. ಅಕ್ಕ ನಕ್ಕಳು, ನನಗೂ ನಗು ತಡೆಯೋಕಾಗಲಿಲ್ಲ. ಅಷ್ಟರಲ್ಲಿ ಪೇಪರಿನವರು ಫೋಟೋ ತೆಗೆದೇ ಬಿಟ್ರು. ನೀವು ಆ ನಗೂನೂ ರಟ್ಟಿನ ಕೆಳಗೆ ಹಾಕಿಬಿಟ್ರಂತೆ, ಭಾವ ಹೇಳಿದ್ರು.”

ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದೆ. ಫ್ರೇಮಣ್ಣ ಅಂಗಡಿಯ ಪಟ್ಟಿಗಳನ್ನೆಲ್ಲ ಒಮ್ಮೆ ನೋಡಿದ, ಕೈಗೆ ಮೊದಲು ಸಿಕ್ಕಿದ್ದನ್ನೇ ತೆಗೆದ. ಡ್ರಾಯರಿಗೆ ಹಿಡಿದು ನೋಡಲಿಲ್ಲ. ರಟ್ಟು ಕತ್ತರಿಸುವ ಚಾಕು, ಸ್ಕೇಲು, ಪೆನ್ಸಿಲು ತಂದು ಫೋಟೋದ ಮೇಲೆ ಬಗ್ಗಿದ. ನಡುವೆ ಮದುಮಗಳು, ಮದುಮಗ. ಬಲ ತುದಿಯಲ್ಲಿ, ಆಗಿನ್ನೂ ಕಪ್ಪು ಮೀಸೆಯ ಡ್ರಿಲ್ ಮೇಷ್ಟ್ರು, ಕೊರಳಲ್ಲಿ ಸೀಟಿ. ಫ್ರೇಮಣ್ಣನ ಸ್ಕೇಲು ಎಡಕ್ಕೆ ಮುಕ್ಕಾಲು ಇಂಚು ಜರುಗಿತು.

“ರೀ” ಎಂದರು ಅತ್ತಿಗೆ.

ಸ್ಕೇಲು ಬಲಕ್ಕೆ ಕಾಲು ಇಂಚು ಬಂತು.

“ರೀ.”

ಇನ್ನೊಂದು ಕೂದಲೆಳೆಯಷ್ಟು ಬಂತು. ಅಲ್ಲಿಗೆ ನಿಂತಿತು. ಅತ್ತಿಗೆ ನಿಟ್ಟುಸಿರು ಬಿಟ್ಟು, ಗಾಜಿನ ಪೆಟ್ಟಿಗೆ ಎಳೆದುಕೊಂಡು ಕೂತು, ಕೆಲಸ ಮುಗಿಯುವ ತನಕ ಅಲ್ಲೇ ಇದ್ದರು.

ಈಗ ಆ ಫೋಟೋ ಅಂಗಡಿಯ ಗೋಡೆಯ ಮೇಲಿದೆ. ಸಂಜೆ ಐದಕ್ಕೆಲ್ಲ ಮೇಷ್ಟ್ರು ತಮ್ಮ ಎರಡೂ ಬೆಂಚನ್ನು ಬಿಟ್ಟು ನಮ್ಮ ಇಸ್ಪೀಟಿಗೆ ಬರುತ್ತಾರೆ. ಕೂರುವ ಮುಂಚೆ ಆ ಗೋಡೆಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಅವರದೊಂದು ಕಿವಿ, ಒಂದು ಭುಜ ಮತ್ತು ಸೀಟಿ ಕಾಣುತ್ತದೆ.

“ನನ್ನ ಇನ್ನರ್ಧ ಎಲ್ಲಯ್ಯ?” ಎನ್ನುತ್ತಾರೆ ದಿನಾ.

“ಮೌಂಟಿಗೆ ಅಷ್ಟು ಅಂಚು ಬೇಕೇ ಬೇಕು ಭಾವ” ಎನ್ನುತ್ತಾನೆ ಫ್ರೇಮಣ್ಣ, ಎಲೆ ಕಲೆಸುತ್ತಾ. “ಕೆಲಸದ ನಿಯಮ.”